ಬಣ್ಣ ಮುಚ್ಚಿದ ರಂಧ್ರ

(ಬಾನುಲಿ ಭಾಷಣ)

ಸಮುದ್ರವನ್ನು ನಾನು ಮೊದಲು ಕಂಡದ್ದು ಕಾಯದೆಯ ಪುಸ್ತಕದಲ್ಲಿ. ಜಮಖಂಡಿಯಲ್ಲಿ ಹುಟ್ಟಿ ಬೆಳೆದವನಿಗೆ ನೀರೆಂದರೆ ಕೃಷ್ಣೆ. ಮುಧೋಳದ ಕಡೆಯವರಿಗೆ ಘಟಪ್ರಭೆ. ಹಡಗನ್ನು ನಾವು ಚಿತ್ರದಲ್ಲಿ ನೋಡಬೇಕು. ಬೆಳಗಾವಿಯಲ್ಲಿ ಕಾಯದೆ ಓದುತ್ತಿದ್ದ ದಿನಗಳಲ್ಲಿ, 1872ರ ಸಾಕ್ಷ್ಯ ಅಧಿನಿಯಮದ 123ನೆಯ ಕಲಮಿನ ವಿವರಣೆಗಾಗಿ ನಮ್ಮ ಅಧ್ಯಾಪಕರು ಒಂದು ಇಂಗ್ಲಿಷ್ ಖಟ್ಲೆಯ ಹೆಸರು ಹೇಳಿದರು: ಡಂಕನ್ ವಿರುದ್ಧ ಕ್ಯಾಮೆಲ್ ಲೇರ್ಡ್, 1942. ಸರಕಾರ ತನ್ನ ಕಾಗದಪತ್ರಗಳನ್ನು ನ್ಯಾಯಾಲಯಕ್ಕೆ ತೋರಿಸಲು ಯಾವಾಗ ನಿರಾಕರಿಸಬಹುದು ಎಂಬುದು ಅಲ್ಲಿಯ ಪ್ರಶ್ನೆ. ಪರೀಕ್ಷೆಗೆ ಬೇಕಾದಷ್ಟನ್ನು ಬರೆದುಕೊಂಡು ನಾವೆಲ್ಲ ಮುಂದೆ ಸಾಗಿದೆವು. ಆ ಕಾಗದಪತ್ರಗಳು ಒಂದು ಜಲಾಂತರ್ಗಾಮಿ ಹಡಗಿಗೆ ಸಂಬಂಧಿಸಿದವು, ಅದರಲ್ಲಿ ತೊಂಬತ್ತೊಂಬತ್ತು ಜನ ಉಸಿರು ಕಟ್ಟಿ ಸತ್ತಿದ್ದರು ಎಂಬುದು ನನ್ನ ಮನಸ್ಸಿಗೆ ನಿಜವಾಗಿ ತಟ್ಟಲು ಅನೇಕ ವರ್ಷಗಳು ಬೇಕಾದವು. ತಟ್ಟಿದ್ದು ಬೀಳಗಿಯ ಕಡೆಯ ಒಬ್ಬ ರೈತನಿಂದ. ಆ ಮಾತಿಗೆ ಕೊನೆಯಲ್ಲಿ ಬರುತ್ತೇನೆ.

ಹಡಗಿನ ಹೆಸರು ಥೆಟಿಸ್. ಇಂಗ್ಲೆಂಡಿನ ಮರ್ಸಿ ನದಿಯ ದಡದಲ್ಲಿರುವ ಬರ್ಕನ್‌ಹೆಡ್ಡಿನಲ್ಲಿ ಕ್ಯಾಮೆಲ್ ಲೇರ್ಡ್ ಎಂಬ ಹಡಗು ಕಟ್ಟುವ ಸಂಸ್ಥೆ ಇದನ್ನು ಬ್ರಿಟಿಷ್ ನೌಕಾಪಡೆಗಾಗಿ ನಿರ್ಮಿಸಿತು. 1938ರ ಜೂನಿನಲ್ಲಿ ನೀರಿಗಿಳಿಸಿತು. ಉದ್ದ 275 ಅಡಿ. ಗ್ರೀಕರ ಪುರಾಣದಲ್ಲಿ ಥೆಟಿಸ್ ಒಬ್ಬ ಸಮುದ್ರದೇವತೆ, ವೀರ ಅಕಿಲೀಸನ ತಾಯಿ. ಮಗನ ಮೈ ವಜ್ರವಾಗಲೆಂದು ಅವಳು ಅವನನ್ನು ಪಾತಾಳದ ನದಿಯಲ್ಲಿ ಅದ್ದಿದಳಂತೆ. ಹಿಡಿದುಕೊಂಡಿದ್ದ ಹಿಮ್ಮಡಿಯಷ್ಟೇ ನೆನೆಯದೆ ಉಳಿಯಿತು, ಅಲ್ಲಿಯೇ ಮೃತ್ಯು ಹೊಕ್ಕಿತು. ಗಾಂಧಾರಿಯ ದೃಷ್ಟಿ ಬೀಳದ ದುರ್ಯೋಧನನ ತೊಡೆಯ ಕಥೆ ಕೇಳಿದ ನಮಗೆ ಇದು ಹೊಸದೇನೂ ಅಲ್ಲ. ಈ ಹಡಗಿಗೂ ಅಂಥದೊಂದು ಹಿಮ್ಮಡಿ ಇತ್ತು. ಅದು ಒಂದು ಸಣ್ಣ ರಂಧ್ರ.

ಜಲಾಂತರ್ಗಾಮಿ ಮುಳುಗುವ ಬಗೆಯನ್ನು ಅರಿಯಲು ದೊಡ್ಡ ಶಾಸ್ತ್ರವೇನೂ ಬೇಡ. ಖಾಲಿ ಕೊಡ ಹೊಳೆಯ ಮೇಲೆ ತೇಲುತ್ತದೆ. ಬಾಯಿ ಓರೆ ಮಾಡಿ ನೀರು ತುಂಬಿಸಿದರೆ ಕೆಳಗಿಳಿಯುತ್ತದೆ. ಜಲಾಂತರ್ಗಾಮಿಯಲ್ಲಿ ಇಂಥ ಕೊಡಗಳಂತೆ ದೊಡ್ಡ ತೊಟ್ಟಿಗಳಿರುತ್ತವೆ. ಇಳಿಯಬೇಕಾದಾಗ ಅವುಗಳಿಗೆ ನೀರು ಬಿಡುತ್ತಾರೆ. ಏಳಬೇಕಾದಾಗ ಒತ್ತಿ ತುಂಬಿದ ಗಾಳಿಯಿಂದ ಆ ನೀರನ್ನು ಹೊರದೂಡುತ್ತಾರೆ. ಹಡಗಿನ ಆಯುಧವೆಂದರೆ ಟಾರ್ಪೆಡೊ. ಅದನ್ನು ಬಿಡುವುದಕ್ಕೆ ಮೂಗಿನ ಭಾಗದಲ್ಲಿ ಉದ್ದನೆಯ ಕೊಳವೆಗಳಿರುತ್ತವೆ. ಪ್ರತಿ ಕೊಳವೆಗೂ ಎರಡು ಬಾಗಿಲು: ಸಮುದ್ರದ ಕಡೆಗೆ ಒಂದು, ಮನುಷ್ಯರ ಕಡೆಗೆ ಒಂದು. ಎರಡೂ ಒಟ್ಟಿಗೆ ತೆರೆದಿರಬಾರದು. ಇದು ಆ ಲೋಕದ ಮೊದಲ ನೇಮ.

ಒಳಗಿನ ಬಾಗಿಲು ತೆರೆಯುವ ಮೊದಲು ಕೊಳವೆಯಲ್ಲಿ ನೀರಿದೆಯೋ ಇಲ್ಲವೋ ತಿಳಿಯುವುದು ಹೇಗೆ? ಅದಕ್ಕೆಂದೇ ಬಾಗಿಲಿನಲ್ಲಿ ಒಂದು ಪುಟ್ಟ ನಲ್ಲಿ, ಅದರ ಹಿಂದೆ ಒಂದು ಸಣ್ಣ ರಂಧ್ರ. ನಲ್ಲಿ ತಿರುಗಿಸಿದಾಗ ನೀರು ಚಿಮ್ಮಿದರೆ ಒಳಗೆ ಸಮುದ್ರವಿದೆಯೆಂದು ಅರ್ಥ. ನಿಜ ಹೇಳುವುದಕ್ಕಾಗಿಯೇ ಕೊರೆದ ರಂಧ್ರ ಅದು. ಥೆಟಿಸ್‌ನ ಐದನೆಯ ಕೊಳವೆಗೆ ಒಳಗಿನಿಂದ ಬಣ್ಣ ಬಳಿದಾಗ ಬಣ್ಣದ ಒಂದು ತೊಟ್ಟು ಆ ರಂಧ್ರದಲ್ಲಿ ಕುಳಿತು ಗಟ್ಟಿಯಾಯಿತು. ಯಾರೂ ಅದನ್ನು ಗಮನಿಸಲಿಲ್ಲ.

1939ರ ಜೂನ್ 1ರಂದು ಲಿವರ್‌ಪೂಲಿನ ಹೊರಗಿನ ಕೊಲ್ಲಿಯಲ್ಲಿ ಥೆಟಿಸ್‌ನ ಮುಳುಗು ಪರೀಕ್ಷೆ. ಒಳಗೆ 103 ಜನ. ಸುಮಾರು ಅರ್ಧದಷ್ಟು ಮಾತ್ರ ಹಡಗಿನ ಸಿಬ್ಬಂದಿ. ಉಳಿದವರು ನೌಕಾಪಡೆಯ ಇತರ ಅಧಿಕಾರಿಗಳು, ಹಡಗು ಕಟ್ಟಿದ ಸಂಸ್ಥೆಯ ಕೆಲಸಗಾರರು, ಊಟ ಬಡಿಸಲು ಬಂದವರು. ಮಧ್ಯಾಹ್ನ ಎರಡರ ಹೊತ್ತಿಗೆ ಇಳಿಯತೊಡಗಿದರೆ ಹಡಗು ಇಳಿಯಲೊಲ್ಲದು, ಮೂಗು ಹಗುರ. ಮುಂಭಾಗದ ಕೊಳವೆಗಳಲ್ಲಿ ಇರಬೇಕಾದ ನೀರು ಇದೆಯೋ ಇಲ್ಲವೋ ನೋಡೋಣವೆಂದು ಟಾರ್ಪೆಡೊ ಅಧಿಕಾರಿ ಲೆಫ್ಟಿನೆಂಟ್ ವುಡ್ಸ್ ನಲ್ಲಿಗಳನ್ನು ಪರೀಕ್ಷಿಸಿದ. ಐದನೆಯದರಿಂದ ನೀರು ಬರಲಿಲ್ಲ. ರಂಧ್ರ ಕಟ್ಟಿದ್ದರೆ ಚುಚ್ಚಿ ನೋಡುವುದಕ್ಕೆ ಒಂದು ಕಡ್ಡಿಯ ಏರ್ಪಾಡು ಇತ್ತು. ಅದನ್ನು ಅಂದು ಬಳಸಲಿಲ್ಲ. ಕೊಳವೆ ಬರಿದೆಂದು ನಂಬಿ ಬಾಗಿಲು ತೆರೆದರು. ಅದರ ಹೊರಬಾಗಿಲು ಮೊದಲೇ ತೆರೆದಿತ್ತು. ಸಮುದ್ರ ಒಳನುಗ್ಗಿತು.

ಮುಂದಿನ ಎರಡು ವಿಭಾಗಗಳು ತುಂಬಿ, ಮೂಗು ಸುಮಾರು 150 ಅಡಿ ಆಳದ ತಳಕ್ಕೆ ಹೋಗಿ ತಾಗಿತು. ಹಡಗಿನ ಉದ್ದವೇ ಸಮುದ್ರದ ಆಳಕ್ಕಿಂತ ಹೆಚ್ಚು. ಆದುದರಿಂದ ಒಳಗಿನವರು ರಾತ್ರಿಯೆಲ್ಲ ದುಡಿದು, ನೀರನ್ನೂ ಎಣ್ಣೆಯನ್ನೂ ಹೊರಹಾಕಿ ಹಿಂಭಾಗವನ್ನು ಹಗುರಗೊಳಿಸಿದಾಗ, ಬೆಳಗಿನ ಹೊತ್ತಿಗೆ ಅದರ ಬಾಲ ನೀರಿನ ಮೇಲೆ ಎದ್ದು ಕಾಣಿಸಿತು. ಹುಡುಕುತ್ತಿದ್ದ ಯುದ್ಧನೌಕೆ ಅದನ್ನು ಕಂಡಿತು. ಪಾರಾಗುವ ಕೋಣೆಯ ಮೂಲಕ ಮೊದಲು ಕ್ಯಾಪ್ಟನ್ ಓರಮ್ ಮತ್ತು ವುಡ್ಸ್ ಮೇಲೆ ಬಂದರು. ಆಮೇಲೆ ಇನ್ನಿಬ್ಬರು ಬಂದರು. ಅಷ್ಟೇ. ಐವತ್ತು ಚಿಲ್ಲರೆ ಜನರಿಗೆಂದು ಲೆಕ್ಕ ಹಾಕಿದ ಗಾಳಿಯನ್ನು ನೂರಾ ಮೂವರು ಉಸಿರಾಡುತ್ತಿದ್ದರು. ಅಂಥಲ್ಲಿ ಗಾಳಿ ತೀರುವ ಮೊದಲೇ ಬಿಟ್ಟ ಉಸಿರೇ ವಿಷವಾಗುತ್ತದೆ; ಕೈಗೆ ಬಲವಿರುವುದಿಲ್ಲ, ಬುದ್ಧಿಗೆ ಮಂಕು ಕವಿಯುತ್ತದೆ. ಜೂನ್ 2ರ ಮಧ್ಯಾಹ್ನ, ಕಟ್ಟಿದ ಉಕ್ಕಿನ ಹಗ್ಗ ಕಿತ್ತು, ಮೇಲೆ ಕಾಣುತ್ತಿದ್ದ ಬಾಲವೂ ಮುಳುಗಿತು. ಕಣ್ಣೆದುರಿಗೆ ಇದ್ದ ಉಕ್ಕನ್ನು ಕೊಯ್ದು ದಾರಿ ಮಾಡಬಾರದಿತ್ತೆ ಎಂದು ಆ ದೇಶದ ಜನ ಬಹುಕಾಲ ಕೇಳಿದರು.

ಹಡಗನ್ನು ಮೇಲೆತ್ತುವ ಕೆಲಸ ತಿಂಗಳುಗಟ್ಟಲೆ ನಡೆಯಿತು. ಅದರಲ್ಲಿ ನೌಕಾಪಡೆಯ ಒಬ್ಬ ಮುಳುಗುಗಾರನೂ ಜೀವ ತೆತ್ತ. ಕೊನೆಗೆ ಆಂಗ್ಲಸೀ ದ್ವೀಪದ ದಡಕ್ಕೆ ಅದನ್ನು ತಂದು ಮಲಗಿಸಿದ ದಿನ 1939ರ ಸೆಪ್ಟೆಂಬರ್ 3. ಅದೇ ದಿನ ಬ್ರಿಟನ್ ಜರ್ಮನಿಯ ಮೇಲೆ ಯುದ್ಧ ಸಾರಿತು. ಯುದ್ಧಕಾಲದಲ್ಲಿ ಒಳ್ಳೆಯ ಉಕ್ಕನ್ನು ಎಸೆಯುವವರುಂಟೆ? ಹೆಣಗಳನ್ನು ತೆಗೆದು ಮಣ್ಣು ಮಾಡಿದರು, ಹಡಗನ್ನು ತೊಳೆದು ರಿಪೇರಿ ಮಾಡಿದರು, ಹೆಸರು ಬದಲಿಸಿದರು. ಥೆಟಿಸ್ ಹೋಗಿ ಥಂಡರ್‌ಬೋಲ್ಟ್ ಆಯಿತು; ಸಿಡಿಲು ಎಂದರ್ಥ. ಹಡಗಿನ ಹೆಸರು ಬದಲಿಸುವುದು ಅಪಶಕುನವೆಂದು ನಾವಿಕರ ನಂಬಿಕೆ. ಆದರೂ 1940ರಲ್ಲಿ ಲೆಫ್ಟಿನೆಂಟ್ ಕಮಾಂಡರ್ ಕ್ರೌಚ್ ಎಂಬವನ ಕೈಕೆಳಗೆ ಹೊಸ ಸಿಬ್ಬಂದಿ ಅದನ್ನು ಏರಿತು. ತೊಂಬತ್ತೊಂಬತ್ತು ಜನ ಸತ್ತ ಕೋಣೆಗಳಲ್ಲಿಯೇ ಅವರು ಉಂಡರು, ಮಲಗಿದರು. ಧೈರ್ಯವೆಂಬ ಮಾತನ್ನು ನಾವು ಹಗುರಾಗಿ ಬಳಸುತ್ತೇವೆ. ಇಲ್ಲಿ ಅದಕ್ಕೆ ತೂಕವಿದೆ.

1940ರ ಡಿಸೆಂಬರ್ 15ರಂದು ಫ್ರಾನ್ಸಿನ ಜಿರೋಂದ್ ನದೀಮುಖದ ಹೊರಗೆ ಥಂಡರ್‌ಬೋಲ್ಟ್ ಇಟಲಿಯ ಒಂದು ಹಡಗನ್ನು ಟಾರ್ಪೆಡೊದಿಂದ ಹೊಡೆದು ಮುಳುಗಿಸಿತು. ಅದೂ ಜಲಾಂತರ್ಗಾಮಿಯೇ, ತಾರಂತೀನಿ ಎಂದು ಹೆಸರು. ಸಮುದ್ರದಡಿಯ ಸಾವನ್ನು ತನ್ನ ಹೊಟ್ಟೆಯಲ್ಲಿ ಕಂಡ ಹಡಗು ಅದೇ ಸಾವನ್ನು ಇನ್ನೊಂದಕ್ಕೆ ಹಂಚಿತು. ಯುದ್ಧದ ಲೆಕ್ಕದಲ್ಲಿ ಇದನ್ನು ಜಯವೆಂದು ಬರೆಯುತ್ತಾರೆ. ಮುಂದೆ ಅದು ಭೂಮಧ್ಯ ಸಮುದ್ರಕ್ಕೆ ಹೋಯಿತು. 1943ರ ಜನವರಿಯ ಮೊದಲ ದಿನಗಳಲ್ಲಿ ಸಿಸಿಲಿಯ ಪಲೆರ್ಮೊ ಬಂದರಿನ ಬಾಯಿಗೆ, ಇಬ್ಬಿಬ್ಬರು ಸವಾರರು ಕುಳಿತು ನಡೆಸುವ ಟಾರ್ಪೆಡೊಗಳನ್ನು ಬೆನ್ನ ಮೇಲೆ ಹೊತ್ತು ತಂದಿತು. ಅವುಗಳಲ್ಲೊಂದರ ಸವಾರರು ಕತ್ತಲಲ್ಲಿ ಒಳನುಸುಳಿ, ಉಲ್ಪಿಯೊ ಟ್ರಯಾನೊ ಎಂಬ, ಇನ್ನೂ ಪೂರ್ತಿಯಾಗದಿದ್ದ ಇಟಲಿಯ ಯುದ್ಧನೌಕೆಗೆ ಸಿಡಿಮದ್ದು ಕಟ್ಟಿ ಮುಳುಗಿಸಿದರು. ಎರಡು ತಿಂಗಳು ಕಳೆದು, 1943ರ ಮಾರ್ಚ್ 14ರಂದು, ಸಿಸಿಲಿಯ ಸಾನ್ ವೀಟೊ ಭೂಶಿರದ ಹತ್ತಿರ, ಚಿಕೋನ್ಯ ಎಂಬ ಇಟಲಿಯ ಕಾವಲು ನೌಕೆ ಥಂಡರ್‌ಬೋಲ್ಟನ್ನು ಕಂಡುಹಿಡಿದು, ನೀರಿನಾಳದಲ್ಲಿ ಸಿಡಿಯುವ ಗುಂಡುಗಳನ್ನು ಅದರ ಮೇಲೆ ಇಳಿಬಿಟ್ಟಿತು. ಕ್ರೌಚ್ ಮತ್ತು ಅವನ ಎಲ್ಲ ಸಂಗಡಿಗರು, ಒಟ್ಟು 62 ಜನ, ಹಡಗಿನೊಂದಿಗೆ ಹೋದರು. ಒಬ್ಬನೂ ಉಳಿಯಲಿಲ್ಲ. ಒಂದೇ ಒಡಲು, ಎರಡು ಹೆಸರು, ಎರಡು ಸಿಬ್ಬಂದಿ, ಎರಡು ಸಮಾಧಿ.

ಇನ್ನು ಖಟ್ಲೆಯ ಮಾತು. ಥೆಟಿಸ್‌ನಲ್ಲಿ ಸತ್ತವರ ವಾರಸುದಾರರು ಹಡಗು ಕಟ್ಟಿದ ಸಂಸ್ಥೆ ಮೊದಲಾದವರ ಮೇಲೆ ಪರಿಹಾರಕ್ಕಾಗಿ ದಾವೆ ಹೂಡಿದರು. ಡಂಕನ್ ಎಂಬುದು ಅಂಥ ಒಬ್ಬ ವಿಧವೆಯ ಹೆಸರು. ಹಡಗಿನ ಕರಾರು, ನಕಾಶೆಗಳು, ಮೇಲೆತ್ತಿದಾಗ ಬರೆದ ವರದಿ ಇವುಗಳನ್ನು ಹಾಜರುಪಡಿಸಬೇಕೆಂದು ಅವರು ಕೇಳಿದರು. ನೌಕಾಖಾತೆಯ ಸಚಿವರು ಬೇಡವೆಂದರು. 1942ರಲ್ಲಿ ಆ ದೇಶದ ಅತ್ಯುನ್ನತ ನ್ಯಾಯಪೀಠವಾಗಿದ್ದ ಹೌಸ್ ಆಫ್ ಲಾರ್ಡ್ಸ್, ಸಾರ್ವಜನಿಕ ಹಿತಕ್ಕೆ ಹಾನಿಯೆಂದು ಸಚಿವರೇ ಸರಿಯಾದ ರೀತಿಯಲ್ಲಿ ಹೇಳಿದ ಮೇಲೆ ನ್ಯಾಯಾಲಯ ಅದನ್ನು ಒಪ್ಪಲೇಬೇಕು ಎಂದು ತೀರ್ಪು ಕೊಟ್ಟಿತು. ಈ ಮಾತಿನಲ್ಲಿ ಹುರುಳಿಲ್ಲವೆನ್ನಲಾರೆ. ಅದೇ ಮಾದರಿಯ ಹಡಗುಗಳು ಆಗ ಸಮುದ್ರದಲ್ಲಿದ್ದವು. ನಕಾಶೆ ವೈರಿಯ ಕೈ ಸೇರಿದರೆ ನೂರಾರು ಜೀವಗಳಿಗೆ ಕುತ್ತು. ಆ ವಿಧವೆ ಯಾವ ಹಡಗಿನ ಕಾಗದ ಕೇಳುತ್ತಿದ್ದಳೋ ಆ ಹಡಗೇ ಬೇರೆ ಹೆಸರಿನಲ್ಲಿ ಯುದ್ಧ ಮಾಡುತ್ತಿತ್ತು. 1946ರಲ್ಲಿ ಮೂಲ ದಾವೆ ಕೊನೆಯ ಸಲ ಲಾರ್ಡ್ಸ್ ಮುಂದೆ ಬಂದಾಗ ಯುದ್ಧ ಮುಗಿದಿತ್ತು, ಹಡಗು ಸಿಸಿಲಿಯ ಕಡಲಿನ ತಳದಲ್ಲಿತ್ತು. ಯಾರ ಮೇಲೆಯೂ ಹೊಣೆ ನಿಲ್ಲಲಿಲ್ಲ. ತೊಂಬತ್ತೊಂಬತ್ತು ಸಾವಿಗೆ ಕಾಯದೆಯ ಕಣ್ಣಿನಲ್ಲಿ ತಪ್ಪಿತಸ್ಥರು ಇಲ್ಲವಾದರು.

ಯುದ್ಧದ ಬಿಕ್ಕಟ್ಟಿನಲ್ಲಿ ಹುಟ್ಟಿದ ಆ ನಿಯಮ ಶಾಂತಿಕಾಲದಲ್ಲಿಯೂ ಬದುಕಿತು. ಅದೇ ಅದರ ಕೇಡು. ಜಲಾಂತರ್ಗಾಮಿಯ ನಕಾಶೆಗೆ ಹೊಲಿದ ಅಂಗಿಯನ್ನು ಸಾಮಾನ್ಯ ಕಚೇರಿಯ ಕಾಗದಗಳಿಗೂ ತೊಡಿಸಿದರು. ಇಂಗ್ಲೆಂಡಿನಲ್ಲಿ 1968ರ ಕಾನ್ವೇ ವಿರುದ್ಧ ರಿಮ್ಮರ್ ಖಟ್ಲೆಯಲ್ಲಿ ಲಾರ್ಡ್ಸ್ ಆ ನಿಯಮದಿಂದ ಹಿಂದೆ ಸರಿದರು. ಕಾಗದವನ್ನು ನೋಡಿ ತೂಗುವ ಅಧಿಕಾರ ನ್ಯಾಯಾಧೀಶರದೆಂದರು. ನಮ್ಮಲ್ಲಿ 1961ರ ಸೋಧಿ ಸುಖದೇವ್ ಸಿಂಗ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟು 123ನೆಯ ಕಲಮನ್ನು ವಿವೇಚಿಸಿತು, 1981ರ ಎಸ್.ಪಿ. ಗುಪ್ತಾ ಪ್ರಕರಣದಲ್ಲಿ ಬಾಗಿಲನ್ನು ಇನ್ನಷ್ಟು ತೆರೆಯಿತು. 2005ರಲ್ಲಿ ಮಾಹಿತಿ ಹಕ್ಕಿನ ಕಾಯದೆ ಬಂತು.

ಈಗ ಬೀಳಗಿಯ ರೈತನ ಮಾತು. ಆಲಮಟ್ಟಿಯ ಅಣೆಕಟ್ಟಿನ ಹಿನ್ನೀರು ನಮ್ಮ ಸೀಮೆಯ ಭಾಷೆಗೆ ‘ಮುಳುಗಡೆ’ ಎಂಬ ಮಾತನ್ನು ಕೊಟ್ಟಿದೆ. ಹೊಲ ಮುಳುಗಡೆ, ಮನೆ ಮುಳುಗಡೆ, ಊರೇ ಮುಳುಗಡೆ. ಆ ಖಟ್ಲೆಗಳಲ್ಲಿ ನಾನೂ ವಕೀಲಿ ಮಾಡಿದವನು. ಒಬ್ಬ ರೈತನ ಹೊಲದಲ್ಲಿ ಕಲ್ಲು ಕಟ್ಟಿದ ಬಾವಿ ಇತ್ತು. ಪರಿಹಾರದ ಪಟ್ಟಿಯಲ್ಲಿ ಅದು ಇರಲಿಲ್ಲ. ಹೊಲವೇ ನೀರಿನಡಿಗೆ ಹೋದ ಮೇಲೆ ಬಾವಿಯನ್ನು ಯಾರಿಗೆ ತೋರಿಸುವುದು? ಸ್ಥಳ ನೋಡಿ ಬರೆದ ಮೊದಲ ಅಳತೆಯ ಕಾಗದ ತರಿಸಬೇಕೆಂದು ಅರ್ಜಿ ಕೊಟ್ಟೆ. ಸಂಬಂಧಪಟ್ಟ ಕಚೇರಿ, ಅದು ಸರಕಾರದ ಒಳಗಿನ ಕಾಗದ, ಹಾಜರುಪಡಿಸುವುದು ಸಾರ್ವಜನಿಕ ಹಿತಕ್ಕೆ ವಿರುದ್ಧ ಎಂದಿತು. ನಾನು ರೈತನಿಗೆ ಇದನ್ನು ವಿವರಿಸಿದಾಗ ಅವನು ಬಹಳ ಹೊತ್ತು ಸುಮ್ಮನಿದ್ದ. ಆಮೇಲೆ, “ಸಾಹೇಬ್ರ, ಹೊಲಾ ನಂದು, ಮುಳಿಗಿದ್ದೂ ನಂದು. ಅದರ ಕಾಗದ ನನಗ್ಯಾಕ ಗುಟ್ಟರಿ?” ಎಂದ.

ಅಂದು ರಾತ್ರಿ ಹಳೆಯ ಪುಸ್ತಕ ತೆಗೆದು ಡಂಕನ್ ಖಟ್ಲೆಯನ್ನು ಮೊದಲಿನಿಂದ ಓದಿದೆ. ಕಾಯದೆಗಾಗಿ ಅಲ್ಲ, ಸತ್ತವರಿಗಾಗಿ. ಬಣ್ಣದ ತೊಟ್ಟೊಂದು ಕುಳಿತ ಆ ರಂಧ್ರ ಆಗ ನನಗೆ ಮೊದಲ ಬಾರಿಗೆ ಕಂಡಿತು. ಮರುದಿನ ನ್ಯಾಯಾಲಯದಲ್ಲಿ, ಬಾವಿಯ ಅಳತೆ ಯಾವ ವೈರಿಗೂ ಉಪಯೋಗವಿಲ್ಲ ಎಂದು ವಾದಿಸಿದೆ. ನ್ಯಾಯಾಧೀಶರು ಒಪ್ಪಿ ಕಾಗದ ತರಿಸಿದರು. ಅದರಲ್ಲಿ ಬಾವಿ ಇತ್ತು, ಆಳಸಹಿತ ಬರೆದಿತ್ತು. ನಕಲು ಮಾಡುವಾಗ ಎಲ್ಲೋ ಬಿಟ್ಟುಹೋಗಿತ್ತು. ದ್ವೇಷವಿರಲಿಲ್ಲ, ಸಂಚು ಇರಲಿಲ್ಲ; ಬಣ್ಣದ ತೊಟ್ಟಿನಂತೆ ಒಂದು ಅಲಕ್ಷ್ಯ, ಅದರ ಮೇಲೆ ಒಂದು ಮುಚ್ಚಳ.

ರಬಕವಿ-ಬನಹಟ್ಟಿಯ ನೇಕಾರರನ್ನು ನೋಡಿ ನಾನು ಒಂದು ಮಾತು ಕಲಿತಿದ್ದೇನೆ. ಹಾಸಿನ ಒಂದು ಎಳೆ ಕಡಿದರೆ ಅವರು ಮಗ್ಗ ನಿಲ್ಲಿಸುತ್ತಾರೆ, ಹುಡುಕಿ ಗಂಟು ಹಾಕುತ್ತಾರೆ, ಆಮೇಲೆ ಲಾಳಿ ಓಡಿಸುತ್ತಾರೆ. ಹಾಗೆಯೇ ನೇಯ್ದುಕೊಂಡು ಹೋದರೆ ಆ ದೋಷ ಸೀರೆಯ ಉದ್ದಕ್ಕೂ ಓಡುತ್ತದೆ. ಬ್ರಿಟಿಷ್ ನೌಕಾಪಡೆಯೂ ಒಂದು ಗಂಟು ಹಾಕಿತು. ಅನಂತರದ ಜಲಾಂತರ್ಗಾಮಿಗಳ ಕೊಳವೆಯ ಒಳಬಾಗಿಲಿಗೆ ಒಂದು ಕೊಂಡಿ ಸೇರಿಸಿದರು. ಬಾಗಿಲು ಮೊದಲು ಸ್ವಲ್ಪವೇ ಸಡಿಲುತ್ತದೆ. ಒಳಗೆ ನೀರಿದ್ದರೆ ಸಂದಿಯಿಂದ ಚಿಮ್ಮಿ ತಿಳಿಸುತ್ತದೆ, ಕೂಡಲೆ ಮುಚ್ಚಬಹುದು. ಆ ಕೊಂಡಿಗೆ ನಾವಿಕರು ಇಟ್ಟ ಹೆಸರು ‘ಥೆಟಿಸ್ ಕೊಂಡಿ’. ಹಡಗಿನ ಮೈಮೇಲಿಂದ ಅಳಿಸಿದ ಹೆಸರು ಹೀಗೆ ಒಂದು ಅಂಗೈಯಗಲದ ಉಕ್ಕಿನ ಮೇಲೆ ಉಳಿಯಿತು. ನ್ಯಾಯಪೀಠದಲ್ಲಿ ಸಿಗದ ಉತ್ತರವನ್ನು ಆ ಸತ್ತವರಿಗೆ ಕೊಟ್ಟದ್ದು ಬಹುಶಃ ಆ ಕೊಂಡಿಯೊಂದೇ.