ಕಾರಿನ ಅಂದ, ಬಳಸುವವರ ತೊಂದರೆ: ವಿನ್ಯಾಸ ದೋಷಗಳ ಹಿಂದಿನ ಲೆಕ್ಕಾಚಾರ

ಕಾರು ಕೊಳ್ಳುವವರು ಷೋರೂಮಿನಲ್ಲಿ ಅದನ್ನು ಪರಿಶೀಲಿಸುವುದು ಹೆಚ್ಚೆಂದರೆ ಒಂದು ಗಂಟೆ. ಬಳಸುವುದು ಎಂಟು-ಹತ್ತು ವರ್ಷ. ಆ ಒಂದು ಗಂಟೆಯಲ್ಲಿ ಕಣ್ಣಿಗೆ ಹಿತವೆನಿಸಿದ ಹೊಳಪು, ಅಗಲವಾದ ಪರದೆ, ದೊಡ್ಡ ಚಕ್ರ ಮುಂತಾದವು ಆರು ತಿಂಗಳಲ್ಲಿಯೇ ನಿತ್ಯದ ಕಿರಿಕಿರಿಯಾಗಿ ಪರಿಣಮಿಸುವುದುಂಟು. ಇಂತಹ ದೋಷಗಳನ್ನು ಕೇವಲ ಅಭಿರುಚಿಯ ಪ್ರಶ್ನೆಯೆಂದು ಬದಿಗೊತ್ತುವಂತಿಲ್ಲ. ಅವುಗಳ ಹಿಂದೆ ತೆರಿಗೆ, ಅಚ್ಚುಗಳ ವೆಚ್ಚ, ಮಾರಾಟದ ತಂತ್ರ ಹಾಗೂ ದುರಸ್ತಿಯ ಲೆಕ್ಕಾಚಾರಗಳಿವೆ. ವ್ಯವಹಾರಕ್ಕಾಗಿ ಕಾರು ಕೊಳ್ಳುವ ವರ್ತಕರಿಗೂ, ಪೀಣ್ಯ, ಬೊಮ್ಮಸಂದ್ರ, ಬೆಳಗಾವಿಗಳಲ್ಲಿ ವಾಹನಗಳ ಬಿಡಿಭಾಗ ತಯಾರಿಸುವ ಸಣ್ಣ ಉದ್ಯಮಿಗಳಿಗೂ ಈ ಲೆಕ್ಕಾಚಾರ ತಿಳಿದಿರುವುದು ಅಗತ್ಯ.

ತೆರಿಗೆ ಕತ್ತರಿಸಿದ ಡಿಕ್ಕಿ

ಭಾರತದ ಕಾರುಗಳ ಆಕಾರದ ಮೇಲೆ ವಿನ್ಯಾಸಕಾರರಿಗಿಂತ ಹೆಚ್ಚು ಪ್ರಭಾವ ಬೀರಿದ್ದು ಒಂದು ಕೇಂದ್ರ ಬಜೆಟ್ ಎಂದರೆ ಅತಿಶಯೋಕ್ತಿಯಾಗದು. 2006ರ ಬಜೆಟ್‌ನಲ್ಲಿ ಸಣ್ಣ ಕಾರುಗಳ ಮೇಲಿನ ಅಬಕಾರಿ ಸುಂಕವನ್ನು ಶೇ. 24ರಿಂದ ಶೇ. 16ಕ್ಕೆ ಇಳಿಸಲಾಯಿತು. ಉದ್ದ 4,000 ಮಿ.ಮೀ. ಮೀರದಿರಬೇಕು, ಎಂಜಿನ್ ಸಾಮರ್ಥ್ಯ ಪೆಟ್ರೋಲ್ ಕಾರಿನಲ್ಲಿ 1,200 ಸಿ.ಸಿ.ಯನ್ನು, ಡೀಸೆಲ್ ಕಾರಿನಲ್ಲಿ 1,500 ಸಿ.ಸಿ.ಯನ್ನು ಮೀರದಿರಬೇಕು ಎಂಬುದು ನಿಬಂಧನೆ. ಕಾರ್ಖಾನೆಯಲ್ಲಿ 4 ಲಕ್ಷ ರೂಪಾಯಿ ಬೆಲೆಬಾಳುವ ಕಾರಿಗೆ ಈ ಒಂದು ಗೆರೆಯ ಆಚೀಚೆ 32,000 ರೂಪಾಯಿ ವ್ಯತ್ಯಾಸ. ಸ್ಪರ್ಧೆ ತೀವ್ರವಾಗಿರುವ ಮಾರುಕಟ್ಟೆಯಲ್ಲಿ ಇದನ್ನು ಬಿಟ್ಟುಕೊಡಲು ಯಾವ ತಯಾರಕರೂ ಸಿದ್ಧರಿರಲಿಲ್ಲ.

ಹ್ಯಾಚ್‌ಬ್ಯಾಕ್ ಕಾರುಗಳಿಗೆ ಈ ಮಿತಿಯಿಂದ ತೊಂದರೆಯಾಗಲಿಲ್ಲ. ಆದರೆ ಹಿಂಬದಿಯಲ್ಲಿ ಪ್ರತ್ಯೇಕ ಡಿಕ್ಕಿ ಇರುವ ಸೆಡಾನ್ ಕಾರನ್ನು ಭಾರತದ ಗ್ರಾಹಕರು ಅಂತಸ್ತಿನ ಗುರುತಾಗಿ ಬಯಸುತ್ತಿದ್ದರು. ಅದನ್ನೂ ನಾಲ್ಕು ಮೀಟರಿನೊಳಗೆ ಅಡಕಗೊಳಿಸುವ ಪ್ರಯತ್ನಗಳು ಆರಂಭವಾದವು. 2008ರಲ್ಲಿ ಟಾಟಾ ಸಂಸ್ಥೆ ಇಂಡಿಗೊ ಕಾರನ್ನು ಮೊಟಕುಗೊಳಿಸಿ ಇಂಡಿಗೊ ಸಿ.ಎಸ್. ಎಂಬ ಮಾದರಿಯನ್ನು ತಂದಿತು. ಅದೇ ವರ್ಷ ಬಂದ ಮಾರುತಿ ಸ್ವಿಫ್ಟ್ ಡಿಜೈರ್‌ನ ಉದ್ದ 4,160 ಮಿ.ಮೀ. ಇದ್ದು, ಡಿಕ್ಕಿಯಲ್ಲಿ 440 ಲೀಟರ್ ಸ್ಥಳವಿತ್ತು. 2012ರಲ್ಲಿ ಅದರ ಎರಡನೆಯ ಆವೃತ್ತಿಯ ಉದ್ದವನ್ನು 3,995 ಮಿ.ಮೀ.ಗೆ ಇಳಿಸಿದಾಗ ಡಿಕ್ಕಿಯ ಸ್ಥಳ 316 ಲೀಟರಿಗೆ ಕುಸಿಯಿತು. ಕಾರಿನ ಬೆನ್ನನ್ನು ಕತ್ತಿಯಿಂದ ಕೊಯ್ದಂತಿದೆ ಎಂಬ ಟೀಕೆ ಆಗ ವ್ಯಾಪಕವಾಗಿತ್ತು. ಆದರೂ ಕಾರು ಭರದಿಂದ ಮಾರಾಟವಾಯಿತು. ಅಂದದ ಕೊರತೆಯನ್ನು ಬೆಲೆಯ ಅನುಕೂಲ ಮರೆಸಿತ್ತು.

ಇಂದಿಗೂ ಹಲವು ಕಂಪನಿಗಳ ಕಾರುಗಳ ಉದ್ದ 3,995 ಮಿ.ಮೀ. ಆಗಿರುವುದು ಕಾಕತಾಳೀಯವಲ್ಲ. 2025ರ ಸೆಪ್ಟೆಂಬರ್ 22ರಿಂದ ಜಾರಿಗೆ ಬಂದ ಜಿ.ಎಸ್.ಟಿ. ದರಗಳಲ್ಲಿಯೂ ಇದೇ ಗೆರೆ ಉಳಿದಿದೆ. ಮಿತಿಯೊಳಗಿನ ಪೆಟ್ರೋಲ್, ಡೀಸೆಲ್ ಕಾರುಗಳಿಗೆ ಶೇ. 18, ಮೀರಿದವಕ್ಕೆ ಶೇ. 40 ತೆರಿಗೆ. ಅಂತರ ಕಡಿಮೆಯಾಗುವ ಬದಲು ಹೆಚ್ಚಿದೆ ಎಂಬುದು ಗಮನಾರ್ಹ.

ಆದರೆ ನಿರ್ಬಂಧವೊಂದೇ ದೋಷಕ್ಕೆ ಕಾರಣವೆನ್ನಲಾಗದು. 2017ರಲ್ಲಿ ಬಂದ ಡಿಜೈರ್‌ನ ಮೂರನೆಯ ಆವೃತ್ತಿಯ ಉದ್ದವೂ ಅದೇ 3,995 ಮಿ.ಮೀ. ಆದರೂ ಡಿಕ್ಕಿಯ ಸ್ಥಳ 378 ಲೀಟರಿಗೆ ಏರಿತು, ನೋಟವೂ ಸಮತೋಲಿತವಾಯಿತು. ಸಿದ್ಧವಿರುವ ವಸ್ತುವನ್ನು ನಿಯಮಕ್ಕಾಗಿ ಕತ್ತರಿಸುವುದಕ್ಕೂ ನಿಯಮವನ್ನು ಮೊದಲೇ ಮುಂದಿಟ್ಟುಕೊಂಡು ರೂಪಿಸುವುದಕ್ಕೂ ಇರುವ ವ್ಯತ್ಯಾಸವನ್ನು ಈ ಎರಡು ಆವೃತ್ತಿಗಳು ತೋರಿಸುತ್ತವೆ.

ಉಳಿತಾಯ ಎಲ್ಲಿ, ಎಷ್ಟು?

2009ರಲ್ಲಿ ಮಾರುಕಟ್ಟೆಗೆ ಬಂದ ಟಾಟಾ ನ್ಯಾನೊ ಮಿತವ್ಯಯದ ವಿನ್ಯಾಸಕ್ಕೆ ವಿಶ್ವದಾದ್ಯಂತ ಹೆಸರಾಯಿತು. ಒಂದೇ ವೈಪರ್, ಚಕ್ರಕ್ಕೆ ಮೂರೇ ನಟ್ಟುಗಳು ಇತ್ಯಾದಿ ಉಳಿತಾಯಗಳನ್ನು ಗ್ರಾಹಕರು ಒಪ್ಪಿಕೊಂಡರು. ಆದರೆ ಹಿಂಬಾಗಿಲಿನಂತೆ ಕಾಣುತ್ತಿದ್ದ ಭಾಗ ತೆರೆಯುತ್ತಿರಲಿಲ್ಲ. ಸಾಮಾನು ಇಡಲು ಹಿಂದಿನ ಆಸನವನ್ನು ಮಡಚಬೇಕಿತ್ತು. ಪೆಟ್ರೋಲ್ ತುಂಬಿಸಲು ಪ್ರತಿ ಸಾರಿಯೂ ಮುಂದಿನ ಬಾನೆಟ್ ಎತ್ತಬೇಕಿತ್ತು. ಕಾಣದ ಕಡೆ ಮಾಡಿದ ಉಳಿತಾಯವನ್ನು ಗ್ರಾಹಕ ಮರೆಯುತ್ತಾನೆ; ದಿನನಿತ್ಯ ಕೈಗೆ ತಗಲುವ ಕಡೆ ಮಾಡಿದ ಉಳಿತಾಯವನ್ನು ಪ್ರತಿದಿನವೂ ನೆನೆಯುತ್ತಾನೆ. ತೆರೆಯುವ ಹಿಂಬಾಗಿಲು ನ್ಯಾನೊಗೆ ದೊರೆತದ್ದು 2015ರಲ್ಲಿ. ಅಷ್ಟರಲ್ಲಿ ಮಾರುಕಟ್ಟೆ ಮುಂದೆ ಸಾಗಿತ್ತು.

ಇದಕ್ಕೆ ವ್ಯತಿರಿಕ್ತ ನಿದರ್ಶನವೂ ಅದೇ ಸಂಸ್ಥೆಯದು. ಸಿ.ಎನ್.ಜಿ. ಕಾರುಗಳಲ್ಲಿ ದೊಡ್ಡ ಸಿಲಿಂಡರ್ ಡಿಕ್ಕಿಯನ್ನೆಲ್ಲ ಆಕ್ರಮಿಸುವುದು ಬಹುಕಾಲದ ದೂರಾಗಿತ್ತು. 2023ರಲ್ಲಿ ಟಾಟಾ ಆಲ್ಟ್ರೋಜ್ ಕಾರಿನಲ್ಲಿ ಒಂದರ ಬದಲು ಎರಡು ಚಿಕ್ಕ ಸಿಲಿಂಡರುಗಳನ್ನು ಡಿಕ್ಕಿಯ ನೆಲದ ಕೆಳಗೆ ಜೋಡಿಸಿ, ಸ್ಟೆಪ್ನಿಯನ್ನು ಕಾರಿನ ಅಡಿಭಾಗಕ್ಕೆ ಸಾಗಿಸಲಾಯಿತು. ಪ್ರತಿಸ್ಪರ್ಧಿ ಸಂಸ್ಥೆಯೊಂದು ಮರುವರ್ಷವೇ ಎರಡು ಸಿಲಿಂಡರುಗಳ ಮಾರ್ಗವನ್ನು ಹಿಡಿಯಿತು.

ಬಟನ್ ಹೋಗಿ ಪರದೆ ಬಂತು

ಇತ್ತೀಚಿನ ವರ್ಷಗಳಲ್ಲಿ ಅತಿ ಹೆಚ್ಚು ದೂರುಗಳಿಗೆ ಗುರಿಯಾಗಿರುವುದು ಸ್ಪರ್ಶಪರದೆ. ಎ.ಸಿ., ಫ್ಯಾನ್, ರೇಡಿಯೊಗಳ ಬಟನ್‌ಗಳನ್ನು ತೆಗೆದು ಎಲ್ಲವನ್ನೂ ಒಂದೇ ಪರದೆಗೆ ಸೇರಿಸುವುದು ತಯಾರಕರಿಗೆ ಅಗ್ಗ. ಪ್ರತಿ ಬಟನ್‌ಗೂ ಅಚ್ಚು, ವೈರಿಂಗ್, ಜೋಡಣೆ, ತಪಾಸಣೆ ಬೇಕು. ಪರದೆಯ ಮೇಲಿನ ಚಿತ್ರಕ್ಕೆ ತಂತ್ರಾಂಶ ಸಾಕು. ಷೋರೂಮಿನಲ್ಲಿ ಅದು ಆಧುನಿಕವಾಗಿಯೂ ಕಾಣುತ್ತದೆ. ಆದರೆ ಬಟನ್ ಅನ್ನು ಬೆರಳು ತಡವಿ ಗುರುತಿಸಬಲ್ಲದು. ನುಣುಪಾದ ಗಾಜನ್ನು ಕಣ್ಣಿನಿಂದ ನೋಡಿಯೇ ಮುಟ್ಟಬೇಕು. ಆ ಹೊತ್ತು ರಸ್ತೆಯ ಮೇಲಿನ ದೃಷ್ಟಿ ತಪ್ಪುತ್ತದೆ.

ಸ್ವೀಡನ್ನಿನ ವಿ ಬಿಲ್ಯಾಗರೆ ಎಂಬ ವಾಹನ ಪತ್ರಿಕೆ 2022ರಲ್ಲಿ ಇದನ್ನು ಪರೀಕ್ಷಿಸಿತು. ಗಂಟೆಗೆ 110 ಕಿ.ಮೀ. ವೇಗದಲ್ಲಿ ಸಾಗುತ್ತ ನಾಲ್ಕು ಸಾಮಾನ್ಯ ಕೆಲಸಗಳನ್ನು ಮಾಡಲು ಬಟನ್‌ಗಳಿದ್ದ 2005ರ ವೋಲ್ವೊ ಕಾರಿನಲ್ಲಿ ಸುಮಾರು 10 ಸೆಕೆಂಡು ಹಿಡಿಯಿತು. ಪರದೆಯನ್ನೇ ಅವಲಂಬಿಸಿದ ಹೊಸ ಕಾರೊಂದರಲ್ಲಿ ಸುಮಾರು 45 ಸೆಕೆಂಡು ಬೇಕಾಯಿತು. ಆ ಅವಧಿಯಲ್ಲಿ ಕಾರು 1,300 ಮೀಟರಿಗೂ ಹೆಚ್ಚು ದೂರ ಸಾಗಿರುತ್ತದೆ.

ಯುರೋಪಿನ ಸುರಕ್ಷತಾ ಮೌಲ್ಯಮಾಪನ ಸಂಸ್ಥೆ ಯುರೊ ಎನ್‌ಕ್ಯಾಪ್, 2026ರಿಂದ ಇಂಡಿಕೇಟರ್, ಅಪಾಯಸೂಚಕ ದೀಪ, ಹಾರ್ನ್, ವೈಪರ್ ಹಾಗೂ ತುರ್ತು ಕರೆಗಳಿಗೆ ಪ್ರತ್ಯೇಕ ಬಟನ್ ಅಥವಾ ಲಿವರ್ ಇಲ್ಲದ ಕಾರುಗಳಿಗೆ ಪೂರ್ಣ ಅಂಕ ನೀಡದಿರಲು ನಿರ್ಧರಿಸಿದೆ. ಫೋಕ್ಸ್‌ವ್ಯಾಗನ್ ಸಂಸ್ಥೆಯ ವಿನ್ಯಾಸ ಮುಖ್ಯಸ್ಥರು ಅಗತ್ಯ ಕಾರ್ಯಗಳಿಗೆ ಬಟನ್‌ಗಳನ್ನು ಮರಳಿ ತರುವುದಾಗಿ 2025ರಲ್ಲಿ ಪ್ರಕಟಿಸಿದರು. ಕಾರಿನ ಮೈಯಲ್ಲಿ ಹುದುಗಿಕೊಳ್ಳುವ ಬಾಗಿಲ ಹಿಡಿಗಳ ಬಗೆಗೂ ಇದೇ ಆತಂಕವಿದೆ. ಅಪಘಾತದಲ್ಲಿ ವಿದ್ಯುತ್ ಕಡಿತಗೊಂಡರೆ ಹೊರಗಿನವರು ಬಾಗಿಲು ತೆರೆಯುವುದು ಹೇಗೆ ಎಂಬ ಪ್ರಶ್ನೆ ಎದ್ದು, ಯಾಂತ್ರಿಕವಾಗಿ ತೆರೆಯುವ ವ್ಯವಸ್ಥೆಯನ್ನು ಕಡ್ಡಾಯಗೊಳಿಸುವ ಕರಡು ನಿಯಮವನ್ನು ಚೀನಾ 2025ರಲ್ಲಿ ಪ್ರಕಟಿಸಿತು.

ಸಣ್ಣ ಬದಲಾವಣೆಯೂ ಅಪಾಯಕಾರಿಯಾಗಬಲ್ಲದು ಎಂಬುದಕ್ಕೆ ಅಮೆರಿಕದ ಪ್ರಕರಣವೊಂದು ಸಾಕ್ಷಿ. ಫಿಯಟ್ ಕ್ರೈಸ್ಲರ್ ಸಂಸ್ಥೆಯ ಕೆಲವು ಕಾರುಗಳಲ್ಲಿ ಗೇರ್ ಲಿವರ್ ಪ್ರತಿ ಸಾರಿಯೂ ಮಧ್ಯದ ಸ್ಥಾನಕ್ಕೇ ಮರಳುತ್ತಿತ್ತು. ಗೇರ್ ಪಾರ್ಕ್ ಸ್ಥಿತಿಯಲ್ಲಿದೆಯೇ ಎಂಬುದು ಕೈಗೆ ತಿಳಿಯುತ್ತಿರಲಿಲ್ಲ. ಚಾಲಕರು ಇಳಿದ ಮೇಲೆ ವಾಹನ ಉರುಳಿ ಹಲವರು ಗಾಯಗೊಂಡರು. 2016ರಲ್ಲಿ 11 ಲಕ್ಷಕ್ಕೂ ಹೆಚ್ಚು ವಾಹನಗಳನ್ನು ಹಿಂದಕ್ಕೆ ಕರೆಸಬೇಕಾಯಿತು.

ದುರಸ್ತಿಯ ಬಿಲ್ಲಿನಲ್ಲಿ ಕಾಣುವ ಶೈಲಿ

ಅಂಬಾಸಡರ್ ಕಾರಿನ ಮುಂದೀಪ ಏಳು ಇಂಚಿನ ದುಂಡು ದೀಪ. ಒಡೆದರೆ ಯಾವುದೇ ಊರಿನ ಬಿಡಿಭಾಗದ ಅಂಗಡಿಯಲ್ಲಿ ಸಿಗುತ್ತಿತ್ತು. ಈಗಿನ ದೀಪಗಳು ಆಯಾ ಮಾದರಿಗೇ ಮೀಸಲು. ಪ್ರಖರ ದೀಪ, ಹಗಲು ದೀಪ, ಇಂಡಿಕೇಟರ್ ಎಲ್ಲವೂ ಒಂದೇ ಪೆಟ್ಟಿಗೆಯಲ್ಲಿರುವುದರಿಂದ ಒಂದು ಮೂಲೆ ಬಿರುಕುಬಿಟ್ಟರೂ ಇಡೀ ಜೋಡಣೆಯನ್ನೇ ಬದಲಿಸಬೇಕಾಗುತ್ತದೆ. ಗಾಜಿನ ಬದಲು ಬಳಸುವ ಪಾಲಿಕಾರ್ಬೊನೇಟ್ ಹಗುರ, ಸುಲಭವಾಗಿ ಒಡೆಯದು. ಆದರೆ ಮೇಲಿನ ರಕ್ಷಣಾ ಲೇಪನ ಸವೆದ ನಂತರ ಬಿಸಿಲಿನ ಅತಿನೇರಳೆ ಕಿರಣಗಳಿಂದ ಹಳದಿಗಟ್ಟಿ ಬೆಳಕನ್ನು ಮಂಕಾಗಿಸುತ್ತದೆ. ಮುಖ್ಯ ದೀಪವನ್ನು ಬಂಪರಿನ ಮಟ್ಟಕ್ಕೆ ಇಳಿಸುವ ಈಚಿನ ಶೈಲಿಯಿಂದಾಗಿ, ಸಣ್ಣ ಗುದ್ದಿಗೂ ದುಬಾರಿ ದೀಪವೇ ಮೊದಲು ಬಲಿಯಾಗುತ್ತದೆ.

ಬಂಪರ್ ಇರುವುದು ಪೆಟ್ಟು ತಿನ್ನಲು. ಹಿಂದೆ ಅದು ಉಕ್ಕಿನದಾಗಿತ್ತು. ಬಳಿಕ ಕಪ್ಪು ಪ್ಲಾಸ್ಟಿಕ್ಕಿನದಾಯಿತು. ಕಾರಿನ ಬಣ್ಣವನ್ನೇ ಬಂಪರಿಗೂ ಬಳಿಯುವ ಪದ್ಧತಿ ಬಂದ ಮೇಲೆ ಪ್ರತಿ ಗೀರೂ ಎದ್ದು ಕಾಣುತ್ತದೆ, ಪ್ರತಿ ಗೀರಿಗೂ ಪೇಂಟಿಂಗ್ ಖರ್ಚು. ದೊಡ್ಡ ಚಕ್ರಕ್ಕೆ ತೆಳುವಾದ ಟೈರ್ ತೊಡಿಸುವುದರ ಪರಿಣಾಮವೂ ಹಾಗೆಯೇ: ರಸ್ತೆಯ ಗುಂಡಿಯ ಏಟನ್ನು ತಾಳಿಕೊಳ್ಳಲು ಟೈರಿನಲ್ಲಿ ಎತ್ತರವಿಲ್ಲದೆ ರಿಮ್ ಬಾಗುತ್ತದೆ. ಡ್ಯಾಶ್‌ಬೋರ್ಡಿನ ಹೊಳೆಯುವ ಕಪ್ಪು ಪ್ಲಾಸ್ಟಿಕ್ ಮೇಲೆ ಧೂಳು, ಬೆರಳಚ್ಚು, ಗೀರುಗಳು ತಿಂಗಳೊಪ್ಪತ್ತಿನಲ್ಲಿ ನೆಲೆಸುತ್ತವೆ. ತಿಳಿ ಬಣ್ಣದ ಆಸನಗಳು ನಮ್ಮ ಧೂಳಿಗೆ ಒಂದು ಮಳೆಗಾಲವನ್ನೂ ತಡೆಯಲಾರವು. ಇವೆಲ್ಲವೂ ಸೆಕೆಂಡ್ ಹ್ಯಾಂಡ್ ಮಾರಾಟದ ದರವನ್ನು ತಗ್ಗಿಸುತ್ತವೆ.

ಬೇರೆಯವರ ಅಳತೆಗೆ ಹೊಲಿದ ಅಂಗಿ

ಕೆಲವು ದೋಷಗಳು ಆಮದಾದವು. ಯುರೋಪಿನ ಮೂಲದ ಕಾರುಗಳಲ್ಲಿ ಇಂಡಿಕೇಟರ್ ಲಿವರ್ ಸ್ಟೇರಿಂಗ್‌ನ ಎಡಕ್ಕೆ, ಜಪಾನ್ ಮತ್ತು ಕೊರಿಯಾ ಮೂಲದ ನಮ್ಮ ಬಹುತೇಕ ಕಾರುಗಳಲ್ಲಿ ಬಲಕ್ಕೆ ಇರುತ್ತದೆ. ಎರಡೂ ಬಗೆಯ ಕಾರುಗಳನ್ನು ಓಡಿಸುವ ಚಾಲಕರು ತಿರುವಿನಲ್ಲಿ ಇಂಡಿಕೇಟರ್ ಬದಲು ವೈಪರ್ ಹಾಕುವುದು ಇದರಿಂದಲೇ. ಎಡಗಡೆ ಸ್ಟೇರಿಂಗ್ ಇರುವ ದೇಶಗಳಿಗಾಗಿ ರೂಪಿಸಿದ ಕಾರನ್ನು ಇಲ್ಲಿಗೆ ತರುವಾಗ ಬಾನೆಟ್ ತೆರೆಯುವ ಲಿವರ್ ಎಡಗಡೆಯೇ ಉಳಿಯುವುದುಂಟು. ವೈಪರ್‌ಗಳ ದಿಕ್ಕು ಬದಲಿಸದಿದ್ದರೆ ಚಾಲಕನ ಮುಂದಿನ ಗಾಜಿನ ಒಂದು ಮೂಲೆ ಮಳೆಯಲ್ಲಿ ಒದ್ದೆಯಾಗಿಯೇ ಉಳಿಯುತ್ತದೆ.

ಎಲ್ಲ ತೊಂದರೆಯೂ ಅವಿವೇಕದ ಫಲವಲ್ಲ ಎಂಬುದನ್ನೂ ಇಲ್ಲಿ ಹೇಳಬೇಕು. ಮುಂದಿನ ಗಾಜಿನ ಎರಡೂ ಬದಿಯ ಕಂಬಗಳು ದಪ್ಪವಾಗಿ, ತಿರುವಿನಲ್ಲಿ ಎದುರು ಬರುವ ದ್ವಿಚಕ್ರ ವಾಹನವನ್ನು ಮರೆಮಾಡುತ್ತವೆ ಎಂಬ ದೂರು ಸರಿಯಾದದ್ದೇ. ಆದರೆ ಕಾರು ಮಗುಚಿದಾಗ ಛಾವಣಿ ಕುಸಿಯದಿರಲು ಅವು ಬಲವಾಗಿರಬೇಕು. ಅಮೆರಿಕದಲ್ಲಿ 2009ರ ನಿಯಮವು ಛಾವಣಿ ತಾಳಬೇಕಾದ ಭಾರವನ್ನು ವಾಹನದ ತೂಕದ ಒಂದೂವರೆ ಪಟ್ಟಿನಿಂದ ಮೂರು ಪಟ್ಟಿಗೆ ಹೆಚ್ಚಿಸಿತು. ಜೀವ ಉಳಿಸುವ ಅನನುಕೂಲವನ್ನು ಸಹಿಸಬಹುದು. ಅಲಂಕಾರಕ್ಕಾಗಿ ಬಂದ ಅನನುಕೂಲವನ್ನು ಸಹಿಸಬೇಕಾಗಿಲ್ಲ.

ತಿದ್ದುಪಡಿ ತಡವಾಗುವುದೇಕೆ?

ಬಾಗಿಲು, ಬಾನೆಟ್, ಡ್ಯಾಶ್‌ಬೋರ್ಡ್‌ಗಳ ಡೈ ಮತ್ತು ಅಚ್ಚುಗಳಿಗೆ ಅಪಾರ ಬಂಡವಾಳ ಬೇಕು. ಉತ್ಪಾದನೆ ಆರಂಭವಾಗುವುದಕ್ಕೆ ಬಹು ಮುಂಚೆಯೇ ಆಕಾರವನ್ನು ಅಂತಿಮಗೊಳಿಸಿರುತ್ತಾರೆ. ಆಮೇಲೆ ಬರುವ ದೂರಿಗೆ ಡೈ ಬದಲಿಸುವುದಕ್ಕಿಂತ ಮುಂದಿನ ಆವೃತ್ತಿಯವರೆಗೆ ಕಾಯುವುದು ಲಾಭದಾಯಕ. ಎರಡನೆಯದಾಗಿ, ಕೊಳ್ಳುವಾಗ ಹಣ ಕೊಡುವವರು ಒಬ್ಬರು, ಓಡಿಸುವವರು ಇನ್ನೊಬ್ಬರು, ದುರಸ್ತಿ ಮಾಡುವವರು ಮತ್ತೊಬ್ಬರು. ಗ್ಯಾರೇಜಿನ ಅನುಭವ ವಿನ್ಯಾಸಕಾರರ ಮೇಜಿಗೆ ಮರಳುವ ದಾರಿ ಬಹಳ ಉದ್ದ.

ಆ ದಾರಿ ಚಿಕ್ಕದಾದರೆ ಏನಾಗುತ್ತದೆ ಎಂಬುದಕ್ಕೆ ಫೋರ್ಡ್ ಸಂಸ್ಥೆಯ ಎಂಜಿನಿಯರ್ ಜಿಮ್ ಮೊಯ್ಲನ್ ಅವರ ಉದಾಹರಣೆ ಇದೆ. 1986ರಲ್ಲಿ ಒಂದು ಮಳೆಯ ದಿನ ಕಂಪನಿಯ ಕಾರಿಗೆ ಪೆಟ್ರೋಲ್ ಹಾಕಿಸಲು ಹೋದ ಅವರು, ಟ್ಯಾಂಕಿನ ಮುಚ್ಚಳ ಯಾವ ಕಡೆ ಇದೆಯೆಂದು ತಿಳಿಯದೆ ತಪ್ಪು ಬದಿಗೆ ನಿಲ್ಲಿಸಿ ನೆನೆದರು. ಕಚೇರಿಗೆ ಮರಳಿದೊಡನೆ, ಇಂಧನ ಮಾಪಕದ ಬಳಿ ಮುಚ್ಚಳದ ದಿಕ್ಕನ್ನು ತೋರಿಸುವ ಗುರುತು ಇರಲಿ ಎಂದು ಟಿಪ್ಪಣಿ ಬರೆದರು. 1989ರ ಮಾದರಿಯ ಕಾರುಗಳಲ್ಲಿ ಆ ಬಾಣದ ಗುರುತು ಕಾಣಿಸಿಕೊಂಡಿತು. ಇಂದು ಅದು ಜಗತ್ತಿನ ಬಹುಪಾಲು ಕಾರುಗಳಲ್ಲಿದೆ. ಅದಕ್ಕೆ ತಗಲುವ ಖರ್ಚು ಒಂದು ಚುಕ್ಕೆ ಶಾಯಿಯದು.

ಉದ್ಯಮಿಗಳು ಗಮನಿಸಬೇಕಾದದ್ದು

ವ್ಯವಹಾರಕ್ಕೆ ಕಾರು ಕೊಳ್ಳುವವರು ಅದನ್ನು ನಿತ್ಯ ಓಡಿಸುವವರನ್ನು ಜೊತೆಗೆ ಕರೆದೊಯ್ಯುವುದು ಒಳಿತು. ಕೊಂಡೊಯ್ಯುವ ಸರಕಿನ ಪೆಟ್ಟಿಗೆಯನ್ನೇ ಡಿಕ್ಕಿಯಲ್ಲಿಟ್ಟು ನೋಡಬೇಕು, ರಾತ್ರಿ ಒಮ್ಮೆ ಓಡಿಸಬೇಕು, ಎ.ಸಿ.ಯನ್ನು ರಸ್ತೆಯಿಂದ ಕಣ್ಣು ತೆಗೆಯದೆ ಬದಲಿಸಲಾಗುವುದೇ ಎಂದು ಪರೀಕ್ಷಿಸಬೇಕು. ಮುಂದೀಪ, ಬಂಪರ್, ರಿಮ್‌ಗಳ ಬದಲಿ ದರವನ್ನು ಮುಂಗಡ ಕೊಡುವ ಮೊದಲೇ ಬರೆಸಿಕೊಳ್ಳಬೇಕು. ಟ್ಯೂಬ್‌ಲೆಸ್ ಟೈರ್, ಒತ್ತಡ ಸೂಚಕ ಹಾಗೂ ಪಂಕ್ಚರ್ ಕಿಟ್ ಇರುವ ಕಾರುಗಳಿಗೆ ಸ್ಟೆಪ್ನಿ ಕಡ್ಡಾಯವಲ್ಲವೆಂದು 2020ರಲ್ಲಿ ನಿಯಮ ಸಡಿಲಿಸಲಾಗಿರುವುದರಿಂದ, ಸ್ಟೆಪ್ನಿ ಇದೆಯೇ ಎಂಬುದನ್ನೂ ನೋಡಿಕೊಳ್ಳಬೇಕು.

ಸಣ್ಣ ತಯಾರಕರಿಗೆ ಇದರಲ್ಲಿ ಅವಕಾಶವೂ ಇದೆ. ಬೃಹತ್ ಕಾರ್ಖಾನೆಯಲ್ಲಿ ಡೈ ಬದಲಿಸಲು ವರ್ಷಗಳು ಬೇಕಾದರೆ, ಸಣ್ಣ ಘಟಕದ ಮಾಲೀಕರು ದೂರು ಬಂದ ವಾರದಲ್ಲಿಯೇ ಟೂಲ್ ರೂಮಿಗೆ ಹೋಗಬಲ್ಲರು. ತಯಾರಿಸುವುದು ಪಂಪ್ ಆಗಲಿ, ಮಿಕ್ಸರ್ ಆಗಲಿ, ಬೀಗವಾಗಲಿ, ಅದನ್ನು ಅಳವಡಿಸುವವರು ಹಾಗೂ ರಿಪೇರಿ ಮಾಡುವವರು ಹೇಳುವ ಮಾತನ್ನು ಡ್ರಾಯಿಂಗ್ ಅಂತಿಮಗೊಳ್ಳುವ ಮುನ್ನ ಕೇಳಿಸಿಕೊಂಡರೆ ಅರ್ಧ ದೋಷ ಹುಟ್ಟುವುದೇ ಇಲ್ಲ. ಮಾದರಿ ಸಿದ್ಧವಾದಾಗ ಅದನ್ನು ಮೇಜಿನ ಮೇಲಿಟ್ಟು ಮೆಚ್ಚುವುದಕ್ಕಿಂತ, ಆರು ತಿಂಗಳು ಧೂಳು ಹಾಗೂ ಬಿಸಿಲಿನಲ್ಲಿ ಒಬ್ಬ ಗ್ರಾಹಕನ ಕೈಗೆ ಕೊಟ್ಟು ನೋಡುವುದು ಹೆಚ್ಚು ಲಾಭಕರ.