ಜಗತ್ತಿನ ಕಾಲವಲಯ ನಕ್ಷೆ: ಕನ್ನಡದಲ್ಲಿ ನೀವೇ ಮಾಡಿ, ಮುಕ್ತವಾಗಿ ಹಂಚಿ

ಹರಪನಹಳ್ಳಿ ತಾಲ್ಲೂಕಿನ ನೀಲಗುಂದದ ಭೀಮೇಶ್ವರ ಗುಡಿಯ ಹತ್ತಿರ ಬಯಲಲ್ಲಿ ಒಂದು ಕೋಲು ನೆಟ್ಟು ನೋಡಿ. ನೆರಳು ಅತಿ ಗಿಡ್ಡವಾಗುವುದು ಸರಿಯಾಗಿ ಹನ್ನೆರಡಕ್ಕಲ್ಲ, ಸರಾಸರಿ 12.26ಕ್ಕೆ. ಫೆಬ್ರವರಿ ಮಧ್ಯದಲ್ಲಿ ಅದು 12.40ರವರೆಗೂ ಹೋಗುತ್ತದೆ, ನವೆಂಬರ್ ಮೊದಲ ವಾರ 12.10ಕ್ಕೇ ಮುಗಿಯುತ್ತದೆ. ಗಡಿಯಾರ ಕೆಟ್ಟಿದೆಯೇ? ಇಲ್ಲ. ದೇಶದ ಗಡಿಯಾರಗಳೆಲ್ಲ ಮಿರ್ಜಾಪುರದ ಬಳಿ ಹಾಯುವ 82.5 ಡಿಗ್ರಿ ಪೂರ್ವ ರೇಖಾಂಶಕ್ಕೆ ಹೊಂದಿಕೊಂಡಿವೆ. ನಮ್ಮ ಹರಪನಹಳ್ಳಿ ಸೀಮೆ ಇರುವುದು ಸುಮಾರು 76 ಡಿಗ್ರಿಯಲ್ಲಿ. ಭೂಮಿ ಒಂದು ಡಿಗ್ರಿ ತಿರುಗಲು 4 ನಿಮಿಷ ಬೇಕು. ಆರೂವರೆ ಡಿಗ್ರಿಗೆ 26 ನಿಮಿಷ.

ಹೀಗೆ ಒಂದೇ ಗಡಿಯಾರ ಪಾಲಿಸುವ ಪ್ರದೇಶವೇ ಕಾಲವಲಯ, ಅಂದರೆ ಟೈಮ್ ಝೋನ್. ಶೂನ್ಯ ರೇಖಾಂಶದ ಗ್ರೀನಿಚ್‌ಗಿಂತ ಐದೂವರೆ ಗಂಟೆ ಮುಂದಿರುವ ಈಗಿನ ಲೆಕ್ಕ ಭಾರತಕ್ಕೆ ಬಂದದ್ದು 1906ರಲ್ಲಿ. ಆಗ ನಮ್ಮ ಸೀಮೆ ಸೇರಿದ್ದ ಬಳ್ಳಾರಿ ಜಿಲ್ಲೆ ಮದ್ರಾಸ್ ಪ್ರಾಂತ್ಯದಲ್ಲಿತ್ತು. ಅದಕ್ಕೂ ಮುಂಚೆ ರೈಲುಗಳು ಓಡುತ್ತಿದ್ದದ್ದು ಮದ್ರಾಸ್ ಸಮಯದಲ್ಲಿ. ಅದು ಗ್ರೀನಿಚ್‌ಗಿಂತ 5 ಗಂಟೆ 21 ನಿಮಿಷ ಮುಂದಿತ್ತು.

ಗಂಟೆಗೆ ಹದಿನೈದು ಡಿಗ್ರಿಯಂತೆ ಗೆರೆ ಎಳೆದರೆ ನಕ್ಷೆ ಆಗುವುದಿಲ್ಲವೇ ಎಂದು ಕೇಳಬಹುದು. ಆಗುವುದಿಲ್ಲ. ಅಷ್ಟು ಅಗಲದ ಚೀನಾ ಒಂದೇ ಸಮಯ ಪಾಲಿಸುತ್ತದೆ. ನೇಪಾಳ ನಮಗಿಂತ ಕಾಲು ಗಂಟೆ ಮುಂದಿದೆ. ವಲಯಗಳ ಅಂಚನ್ನು ಸರ್ಕಾರಗಳು ನಿರ್ಧರಿಸುತ್ತವೆ. ಆದ್ದರಿಂದ ಸಿದ್ಧ ದತ್ತಾಂಶ, ಅಂದರೆ ಡೇಟಾ, ಬೇಕು.

ಅದು ಸಿಗುವುದು ನ್ಯಾಚುರಲ್ ಅರ್ಥ್ ಎಂಬ ಜಾಲತಾಣದಲ್ಲಿ. ಅಲ್ಲಿನದೆಲ್ಲ ಪಬ್ಲಿಕ್ ಡೊಮೇನ್: ಯಾರ ಒಡೆತನವೂ ಇಲ್ಲ, ಯಾರ ಅನುಮತಿಯೂ ಬೇಡ. ಕಲ್ಚರಲ್ ವಿಭಾಗದಲ್ಲಿ ಟೈಮ್ ಝೋನ್ಸ್ ಎಂಬ ಕಡತ ಇಳಿಸಿಕೊಳ್ಳಿ. ಗೂಗಲ್ ಮ್ಯಾಪಿನಿಂದಲೋ ಅಟ್ಲಾಸ್ ಪುಸ್ತಕದಿಂದಲೋ ಗೆರೆ ತಿದ್ದಿಕೊಳ್ಳಬೇಡಿ. ಅವು ಇನ್ನೊಬ್ಬರ ಹಕ್ಕಿನವು, ನೀವು ಮುಕ್ತವಾಗಿ ಹಂಚಲಾಗದು.

ನಕ್ಷೆ ಕಟ್ಟಲು ಕ್ಯೂಜಿಐಎಸ್ ಎಂಬ ಉಚಿತ ತಂತ್ರಾಂಶ ಸಾಕು. ಇಳಿಸಿಕೊಳ್ಳಲು ಒಂದು ಜಿಬಿ ಆಸುಪಾಸು ಡೇಟಾ ಹಿಡಿಯುತ್ತದೆ, ವೈಫೈ ಇರುವಲ್ಲಿ ಕುಳಿತು ಮಾಡಿ. ಕಡತವನ್ನು ಬಿಚ್ಚಿದಾಗ ಒಂದೇ ಹೆಸರಿನ ನಾಲ್ಕಾರು ಫೈಲು ಕಾಣುತ್ತವೆ. ಒಂದನ್ನೂ ಅಳಿಸಬೇಡಿ, ಎಲ್ಲ ಸೇರಿದರೇ ನಕ್ಷೆ. ತೆರೆದ ಮೇಲೆ ಸಿಂಬಾಲಜಿಯಲ್ಲಿ ಕೆಟಗರೈಸ್ಡ್ ಆರಿಸಿ, ಝೋನ್ ಎಂಬ ಕಾಲಂ ತೋರಿಸಿ. ಪ್ರತಿ ವಲಯಕ್ಕೂ ಒಂದೊಂದು ಬಣ್ಣ ಬರುತ್ತದೆ. ಅಕ್ಕಪಕ್ಕದವು ಬೇರೆಬೇರೆಯಾಗಿ ಕಾಣುವಂತೆ ಕೈಯಾರೆ ಬದಲಿಸಿ.

ಇನ್ನು ಕನ್ನಡ. ಹೊಸ ಕಾಲಂ ಸೇರಿಸಿ ಊರು, ದೇಶಗಳ ಹೆಸರು ಬರೆಯಿರಿ. ಇಲ್ಲೊಂದು ಎಚ್ಚರಿಕೆ. ಇಳಿಸಿಕೊಂಡ ಕಡತದ ಹಳೆಯ ಶೇಪ್‌ಫೈಲ್ ಮಾದರಿಯಲ್ಲಿ ಒಂದು ಖಾನೆಗೆ 254 ಬೈಟ್ ಮಾತ್ರ ಜಾಗ. ಯುನಿಕೋಡ್ ಕನ್ನಡದಲ್ಲಿ ಅಕ್ಷರ, ಗುಣಿತದ ಗುರುತು ಒಂದೊಂದೂ ಮೂರು ಬೈಟ್ ತಿನ್ನುತ್ತದೆ. ಹೆಸರುಗಳ ಉದ್ದನೆಯ ಪಟ್ಟಿ ನಡುವೆಯೇ ಕತ್ತರಿಸಿಹೋಗುತ್ತದೆ. ಮೊದಲೇ ಜಿಯೋಪ್ಯಾಕೇಜ್ ಮಾದರಿಯಲ್ಲಿ ಉಳಿಸಿಕೊಂಡರೆ ಈ ತೊಂದರೆ ಇಲ್ಲ. ಅಕ್ಷರಕ್ಕೆ ನೋಟೋ ಸಾನ್ಸ್ ಕನ್ನಡ ಫಾಂಟ್ ಬಳಸಿ, ಅದೂ ಮುಕ್ತ.

ಎಲ್ಲಕ್ಕಿಂತ ಮುಖ್ಯ ನಮ್ಮ ದೇಶದ ಗಡಿ. ನ್ಯಾಚುರಲ್ ಅರ್ಥ್‌ನ ಸಾಮಾನ್ಯ ಕಡತ ಜಮ್ಮು-ಕಾಶ್ಮೀರವನ್ನು ಭಾರತ ಸರ್ಕಾರದ ನಕ್ಷೆಯಂತೆ ತೋರಿಸುವುದಿಲ್ಲ. ಸರ್ವೆ ಆಫ್ ಇಂಡಿಯಾ ನಕ್ಷೆಗೆ ಹೊಂದದ ಭಾರತದ ನಕ್ಷೆ ಪ್ರಕಟಿಸಿದರೆ 1961ರ ಕಾಯ್ದೆಯಂತೆ ಆರು ತಿಂಗಳವರೆಗೆ ಸೆರೆ, ದಂಡ ಅಥವಾ ಎರಡೂ ಆಗಬಹುದು. ಇದಕ್ಕೆ ದಾರಿ ಇದೆ. ಅದೇ ತಾಣದಲ್ಲಿ ದೇಶಗಳ ಗಡಿಯ ಭಾರತೀಯ ದೃಷ್ಟಿಯ ಕಡತ ಬೇರೆಯಾಗಿ ಸಿಗುತ್ತದೆ. ಅದರಿಂದ ಭಾರತವನ್ನು ತೆಗೆದು ಮೇಲಿನ ಪದರದಲ್ಲಿಟ್ಟು, ಐದೂವರೆ ಗಂಟೆಯ ಬಣ್ಣವನ್ನೇ ತುಂಬಿ. ಕೊನೆಗೆ ಸರ್ವೆ ಆಫ್ ಇಂಡಿಯಾ ನಕ್ಷೆಯ ಪಕ್ಕ ಇಟ್ಟು ಅಂಚುಅಂಚಾಗಿ ಹೋಲಿಸಿ. ಈ ಕೆಲಸಕ್ಕೆ ಒಂದು ಸಂಜೆ ಹೋದರೂ ಹೋಗಲಿ.

ನಕ್ಷೆ ಹಳತಾಗುತ್ತದೆ, ಮರೆಯಬೇಡಿ. ಕಝಾಕಸ್ತಾನ 2024ರ ಮಾರ್ಚ್ 1ರಿಂದ ದೇಶಕ್ಕೆಲ್ಲ ಒಂದೇ ಸಮಯ ಮಾಡಿಕೊಂಡಿತು. ಇಂಥ ಬದಲಾವಣೆಗಳನ್ನು ಐಯಾನಾ ಸಂಸ್ಥೆಯ ಟೈಮ್ ಝೋನ್ ಡೇಟಾಬೇಸ್ ದಾಖಲಿಸುತ್ತದೆ. ಅದನ್ನು ನೋಡಿ ತಿದ್ದಿ, ಮೂಲೆಯಲ್ಲಿ ದಿನಾಂಕ ಬರೆಯಿರಿ. ಕೆಲವು ದೇಶಗಳು ಬೇಸಿಗೆಯಲ್ಲಿ ಗಡಿಯಾರವನ್ನು ಮುಂದಿಡುವ ಬೇಸಿಗೆ ಸಮಯದ ಬಗ್ಗೆಯೂ ಒಂದು ಸಾಲು ಬೇಕು. ದುಬೈ ವರ್ಷವಿಡೀ ನಮಗಿಂತ ಒಂದೂವರೆ ಗಂಟೆ ಹಿಂದೆ. ನ್ಯೂಯಾರ್ಕ್ ಹಾಗಲ್ಲ. ಚಳಿಗಾಲದಲ್ಲಿ ಹತ್ತೂವರೆ ಗಂಟೆ, ಮಾರ್ಚ್ ಎರಡನೇ ಭಾನುವಾರದಿಂದ ನವೆಂಬರ್ ಮೊದಲ ಭಾನುವಾರದವರೆಗೆ ಒಂಬತ್ತೂವರೆ. ಅಮೆರಿಕದಲ್ಲಿರುವ ಮಗಳಿಗೆ ಫೋನ್ ಮಾಡುವ ತಾಯಿಗೆ ಬಣ್ಣಕ್ಕಿಂತ ಈ ಸಾಲೇ ಹೆಚ್ಚು ಉಪಯೋಗ.

ಹೊರತೆಗೆಯುವಾಗ ಎಸ್‌ವಿಜಿ ಮಾದರಿ ಒಳ್ಳೆಯದು, ಎಷ್ಟು ಹಿಗ್ಗಿಸಿದರೂ ಮಸುಕಾಗದು. ಅದರಲ್ಲಿ ಎರಡು ಪ್ರತಿ ಮಾಡಿ. ಒಂದರಲ್ಲಿ ಅಕ್ಷರ ಪಠ್ಯವಾಗಿಯೇ ಇರಲಿ, ಬೇರೆಯವರು ತಿದ್ದಬಹುದು. ಇನ್ನೊಂದರಲ್ಲಿ ಅಕ್ಷರವನ್ನು ಗೆರೆಯಾಗಿಸಿ, ಫಾಂಟ್ ಇಲ್ಲದ ಕಂಪ್ಯೂಟರಿನಲ್ಲೂ ಒತ್ತಕ್ಷರ ಒಡೆಯುವುದಿಲ್ಲ. ವಾಟ್ಸಾಪಿನಲ್ಲಿ ಕಳಿಸುವುದಾದರೆ ಪಿಎನ್‌ಜಿ ಪ್ರತಿಯನ್ನು ಫೋಟೋ ಆಗಿ ಅಲ್ಲ, ಡಾಕ್ಯುಮೆಂಟ್ ಆಗಿ ಕಳಿಸಿ.

ಲೈಸೆನ್ಸ್ ಎಂದರೆ ಬಳಕೆಯ ಪರವಾನಗಿ. ಅದನ್ನು ಬರೆಯದಿದ್ದರೆ ಕಾನೂನಿನ ಪ್ರಕಾರ ಹಕ್ಕೆಲ್ಲ ನಿಮ್ಮದೇ ಉಳಿಯುತ್ತದೆ, ಶಾಲೆಯವರು ಮುದ್ರಿಸಲು ಹಿಂಜರಿಯುತ್ತಾರೆ. ಕ್ರಿಯೇಟಿವ್ ಕಾಮನ್ಸ್ (ಸಿಸಿ) ಪರವಾನಗಿಗಳಲ್ಲಿ ಸಿಸಿ ಝೀರೋ ಎಂದರೆ ಯಾವ ಷರತ್ತೂ ಇಲ್ಲ. ಸಿಸಿ ಬೈ-ಎಸ್‌ಎ ಎಂದರೆ ಹೆಸರು ಹೇಳಬೇಕು, ತಿದ್ದಿದವರೂ ಅದೇ ಷರತ್ತಿನಲ್ಲಿ ಹಂಚಬೇಕು. ನನ್ನ ಒಲವು ಎರಡನೆಯದಕ್ಕೆ. ನಮ್ಮ ಕನ್ನಡ ನಕ್ಷೆಯಿಂದ ಹುಟ್ಟುವ ನಕ್ಷೆಗಳೂ ಎಲ್ಲರಿಗೂ ತೆರೆದೇ ಇರುತ್ತವೆ. ವಾಣಿಜ್ಯ ಬಳಕೆ ಬೇಡ ಎಂಬ ಷರತ್ತು ಹಾಕಿದರೆ ಮುಕ್ತ ಚಿತ್ರಗಳ ತಾಣವಾದ ವಿಕಿಮೀಡಿಯಾ ಕಾಮನ್ಸ್ ಸ್ವೀಕರಿಸುವುದಿಲ್ಲ. ಅಲ್ಲಿ ಖಾತೆ ತೆರೆಯಲು, ನಕ್ಷೆ ಏರಿಸಲು ಹಣ ಬೇಕಿಲ್ಲ. ಕನ್ನಡದಲ್ಲೇ ವಿವರಣೆ ಬರೆದು, ದತ್ತಾಂಶದ ಮೂಲ ತಿಳಿಸಿ. ಅಲ್ಲಿಂದ ಕನ್ನಡ ವಿಕಿಪೀಡಿಯದ ಲೇಖನಗಳಿಗೂ ಅದನ್ನು ಜೋಡಿಸಬಹುದು. ಖರ್ಚು ಬರುವುದು ಗೋಡೆಗೆ ಹಾಕಲು ಮುದ್ರಿಸಿದರೆ ಮಾತ್ರ. ಫ್ಲೆಕ್ಸ್ ಅಂಗಡಿಗೆ ಪಿಡಿಎಫ್ ಪ್ರತಿ ಕೊಡಿ, ಮೊದಲು ಎ4 ಹಾಳೆಯಲ್ಲಿ ಒಂದು ಮಾದರಿ ತೆಗೆದು ಅಕ್ಷರಗಳನ್ನು ಓದಿ ನೋಡಿ.