‘ನೈಸ್’: ಒಂದು ಗುಣವಾಚಕದ ಅರ್ಥಪಲ್ಲಟ

ಬಸ್ಸು, ರೈಲು ಮೊದಲಾದ ಇಂಗ್ಲಿಷ್ ನಾಮಪದಗಳು ತಾವು ಸೂಚಿಸುವ ವಸ್ತುಗಳೊಡನೆಯೇ ಕನ್ನಡಕ್ಕೆ ಬಂದವು. ಗುಣವಾಚಕಕ್ಕೆ ಅಂಥ ಆಸರೆಯಿಲ್ಲ. ಭಾಷೆಯಲ್ಲಿ ಮೊದಲೇ ಇರುವ ಗುಣವಾಚಕಗಳ ನಡುವೆ ಅದು ತನ್ನ ಎಡೆಯನ್ನು ಕಂಡುಕೊಳ್ಳಬೇಕಾಗುತ್ತದೆ. ಈ ಪ್ರಕ್ರಿಯೆಯನ್ನು ‘ನೈಸ್’ ಪದದ ಮೂಲಕ ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ.

ಈ ಪದದ ಮೂಲ ಲ್ಯಾಟಿನ್ನಿನ ‘ನೆಸ್ಕಿಯುಸ್’, ಎಂದರೆ ‘ಅರಿಯದವನು’. ಹಳೆಯ ಫ್ರೆಂಚಿನ ಮೂಲಕ ಅದು ಇಂಗ್ಲಿಷಿಗೆ ಬಂದಾಗ ‘ಮೂರ್ಖ’ ಎಂಬ ಅರ್ಥವಿತ್ತು. ಮುಂದೆ ‘ಅತಿನಾಜೂಕಿನ’, ‘ಸೂಕ್ಷ್ಮವಾದ’, ‘ನಿಖರವಾದ’ ಎಂಬ ಅರ್ಥಗಳು ಬೆಳೆದವು. ‘ಹಿತವಾದ’ ಎಂಬ ಇಂದಿನ ಅರ್ಥ ನೆಲೆಗೊಂಡದ್ದು 18ನೆಯ ಶತಮಾನದಲ್ಲಿ. 1817ರ ಕೊನೆಯಲ್ಲಿ ಪ್ರಕಟವಾದ ಜೇನ್ ಆಸ್ಟೆನ್‌ಳ ‘ನಾರ್ಥ್ಯಾಂಗರ್ ಅಬಿ’ ಕಾದಂಬರಿಯ ಪಾತ್ರವೊಂದು ಈ ಪದದ ಅತಿಬಳಕೆಯನ್ನು ಗೇಲಿ ಮಾಡುತ್ತದೆ. ಅರ್ಥೋತ್ಕರ್ಷಕ್ಕೆ ಇದು ಪ್ರಸಿದ್ಧ ನಿದರ್ಶನ.

ಕನ್ನಡದ ಆಡುಮಾತಿನಲ್ಲಿ ಇದರ ನಡೆ ಬೇರೆ. ‘ಹಿಟ್ಟು ನೈಸಾಗಿರಲಿ’, ‘ಬಟ್ಟೆ ನೈಸಾಗಿದೆ’, ‘ನೈಸಾಗಿ ಜಾರಿಕೊಂಡ’, ‘ನೈಸ್ ಮಾಡಿ ಕೆಲಸ ಸಾಧಿಸಿದ’ ಎಂಬ ಪ್ರಯೋಗಗಳಲ್ಲಿ ಯಾವುದೂ ‘ಹಿತವಾದ’ ಎಂಬ ಅರ್ಥಕ್ಕೆ ಹೊಂದುವುದಿಲ್ಲ. ಮೊದಲೆರಡನ್ನು ಇಂಗ್ಲಿಷಿನ ಹಳೆಯ ‘ಸೂಕ್ಷ್ಮವಾದ’ ಎಂಬ ಅರ್ಥದ ಉಳಿಕೆಯೆನ್ನಬಹುದೆಂದು ತೋರಿದರೂ ಉಳಿದೆರಡಕ್ಕೆ ಅದರಿಂದ ಸಮಾಧಾನ ದೊರೆಯದು.

ಇದಕ್ಕೆ ಉತ್ತರ ಕನ್ನಡದ ‘ನಯ’ ಪದದಲ್ಲಿದೆಯೆಂದು ತೋರುತ್ತದೆ. ನಯವಾದ ಹಿಟ್ಟು, ನಯವಾದ ಬಟ್ಟೆ, ನಯವಾಗಿ ಜಾರಿಕೊಳ್ಳುವುದು, ನಯವಂಚಕ: ಸ್ಪರ್ಶದ ನುಣುಪಿನಿಂದ ಮಾತಿನ ಮೃದುತ್ವಕ್ಕೆ, ಅಲ್ಲಿಂದ ಉಪಾಯಕ್ಕೆ ಸಾಗುವ ಅರ್ಥವ್ಯಾಪ್ತಿ ಇಲ್ಲಿ ಸಿದ್ಧವಾಗಿಯೇ ಇತ್ತು. ಧ್ವನಿಸಾಮ್ಯವೂ ಒದಗಿದ್ದರಿಂದ ‘ನೈಸ್’ ಈ ವ್ಯಾಪ್ತಿಯೊಳಗೆ ಸೇರಿಕೊಂಡಿರಬೇಕು. ‘ನಯವಾದ, ನಯವಾಗಿ’ ಎಂಬಂತೆ ‘ನೈಸಾದ, ನೈಸಾಗಿ’ ಎಂಬ ರೂಪಗಳು ಬಳಕೆಯಾಗುವುದೂ ಗಮನಾರ್ಹ. ಹೀಗೆ ಶಬ್ದವು ಹೊರಗಿನದಾದರೂ ಅರ್ಥವು ಕನ್ನಡದ್ದೇ.

ಇತ್ತೀಚಿನ ನಗರದ ಮಾತಿನಲ್ಲಿ ಮೆಚ್ಚುಗೆಯ ಉದ್ಗಾರವಾಗಿ ಕೇಳಿಬರುವ ‘ನೈಸ್’ ಇಂಗ್ಲಿಷಿನ ಈಗಿನ ಅರ್ಥವನ್ನೇ ಹೊತ್ತು ಬಂದಿದೆ. ಅದನ್ನು ಎರಡನೆಯ ಸ್ವೀಕರಣವೆಂದು ಪರಿಗಣಿಸುವುದು ಯುಕ್ತ. ಆದ್ದರಿಂದ ನಿಘಂಟಿನಲ್ಲಿ ಇವೆರಡಕ್ಕೂ ಪ್ರತ್ಯೇಕ ಅರ್ಥವಿವರಣೆ ಬೇಕು. ವಿದ್ಯಾರ್ಥಿಯು ‘ನೈಸಾದ ನೆಲ’ ಎಂದು ಬರೆದಾಗ ಶೈಲಿಯ ದೃಷ್ಟಿಯಿಂದ ‘ನುಣುಪಾದ’ ಎಂದು ಸೂಚಿಸಬಹುದು. ಆದರೆ ಇಂಗ್ಲಿಷಿನ ಅರ್ಥವನ್ನು ಪ್ರಮಾಣವಾಗಿಟ್ಟುಕೊಂಡು ಅದನ್ನು ತಪ್ಪೆನ್ನುವುದು ಕನ್ನಡಕ್ಕೆ ತನ್ನ ಪದಗಳ ಮೇಲಿರುವ ಅಧಿಕಾರವನ್ನೇ ನಿರಾಕರಿಸಿದಂತೆ.